ಬಿ.ಎಸ್ಸಿ. ಓದಿದ ಮೂರು ವರ್ಷ ದಂಡವೇ?

ಬಿ.ಎಸ್ಸಿ. ಮುಗಿಸಿದ ಹುಡುಗಿ ಎಂಜಿನಿಯರಿಂಗ್ ಸೇರುತ್ತೇನೆ ಅಂದರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು ಒಂದೇ: "ಹಾಗಾದ್ರೆ ಈ ಮೂರು ವರ್ಷ ದಂಡ ಆಯ್ತಲ್ಲಮ್ಮ, ಪಿಯುಸಿ ಆದ ಕೂಡಲೇ ಸೇರಬಹುದಿತ್ತು." ಹಾಗನ್ನುವವರಿಗೆ ಆಕೆಯ ಮೇಲೆ ಅಕ್ಕರೆಯಿದೆ, ಫೀಸು ಕಟ್ಟಬೇಕಾದವರೂ ಅವರೇ. ಆದರೆ ಆ ಮಾತಿನ ಹಿಂದಿರುವ ಲೆಕ್ಕ ಬೇರೆ. ಸಿಇಟಿಯಲ್ಲಿ ರ‍್ಯಾಂಕ್ ಬಂದವರಿಗೆ ಬಿ.ಇ., ಬಾರದವರಿಗೆ ಬಿ.ಎಸ್ಸಿ. ಎಂಬ ಆ ಲೆಕ್ಕ ನಮ್ಮ ತಲೆಯಲ್ಲಿ ಬೇರುಬಿಟ್ಟಿದೆ. ಅದರ ಪ್ರಕಾರ ವಿಜ್ಞಾನ ಪದವಿ ಓದಿ ಎಂಜಿನಿಯರಿಂಗ್‌ಗೆ ಬರುವವರೆಲ್ಲ ತಡವಾಗಿ ಬಂದವರು. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ.

ಎಂಜಿನಿಯರುಗಳ ದಿನವಾದ ಸೆಪ್ಟೆಂಬರ್ 15ರಂದು ನಾಡಿನ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಯಾರ ಫೋಟೋಗೆ ಹಾರ ಹಾಕುತ್ತೇವೋ ಅವರನ್ನೇ ನೋಡೋಣ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಆಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯನ್ನು ವರ್ಷಾನುಗಟ್ಟಲೆ ನಡೆಸಿದ ಸತೀಶ್ ಧವನ್ ಗಣಿತ ಮತ್ತು ಭೌತವಿಜ್ಞಾನದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ನಂತರ ಮೆಕ್ಯಾನಿಕಲ್‌ನಲ್ಲಿ ಬಿ.ಇ. ಪಡೆದವರು. ಅಬ್ದುಲ್ ಕಲಾಂ ತಿರುಚ್ಚಿಯಲ್ಲಿ ಬಿ.ಎಸ್ಸಿ. ಭೌತವಿಜ್ಞಾನ ಮುಗಿಸಿದ ಮೇಲೆ, ತನ್ನ ದಾರಿ ಇದಲ್ಲ ಎನ್ನಿಸಿ ಮದ್ರಾಸಿನ ಎಂಐಟಿ ಸೇರಿದರು. ಆ ಫೀಸಿಗಾಗಿ ಅಕ್ಕ ಜೊಹರಾ ತಮ್ಮ ಬಳೆ, ಸರ ಒತ್ತೆಯಿಟ್ಟರು.

ಇವರೆಲ್ಲ ಅಸಾಧಾರಣರು, ಅವರ ಮಾತು ಬೇರೆ ಎನ್ನಬಹುದು. ಆದರೆ ಇದು ಅವರಷ್ಟೇ ಹಿಡಿದ ದಾರಿಯಾಗಿರಲಿಲ್ಲ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ ಬಿ.ಎಸ್ಸಿ. ಆದವರಿಗೆಂದು ಮೂರು ವರ್ಷದ ಬಿ.ಇ. ಕೋರ್ಸನ್ನು ಬಹುಕಾಲ ನಡೆಸಿತು. ಮೊದಲು ವಿಜ್ಞಾನ, ಆಮೇಲೆ ಅದರ ಮೇಲೆ ಎಂಜಿನಿಯರಿಂಗ್ ಎಂಬುದು ಆಗ ಒಪ್ಪಿತ ಕ್ರಮ. ಹದಿನೇಳು, ಹದಿನೆಂಟರ ವಯಸ್ಸಿಗೇ ಬ್ರಾಂಚ್ ತೀರ್ಮಾನವಾಗಿಬಿಡಬೇಕು ಎಂಬ ಆತುರ ಬಂದದ್ದು ಈಚೆಗೆ.

ಹಾಗಾದರೆ ಆ ಮೂರು ವರ್ಷ ಏನು ಕೊಡುತ್ತದೆ? ಬಿ.ಎಸ್ಸಿ. ಲ್ಯಾಬಿನ ಒಂದು ಪ್ರಯೋಗವನ್ನೇ ತೆಗೆದುಕೊಳ್ಳಿ. ಲೋಹದ ಪಟ್ಟಿಯೊಂದನ್ನು ಎರಡು ನೈಫ್ ಎಡ್ಜ್‌ಗಳ ಮೇಲಿಟ್ಟು, ನಡುವೆ 50 ಗ್ರಾಂನಂತೆ ತೂಕ ಸೇರಿಸುತ್ತಾ, ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ಪಿನ್ನಿನ ತುದಿ ಎಷ್ಟು ಇಳಿಯಿತೆಂದು ಬರೆದುಕೊಳ್ಳುತ್ತಾರೆ. ತೂಕ ತೆಗೆಯುತ್ತಾ ಮತ್ತೊಮ್ಮೆ ಅದೇ ಅಳತೆ. ಕೊನೆಗೆ ಯಂಗ್ಸ್ ಮಾಡ್ಯುಲಸ್ ಲೆಕ್ಕ ಹಾಕುವಾಗ ಪಟ್ಟಿಯ ದಪ್ಪ ಸೂತ್ರದಲ್ಲಿ ಘನವಾಗಿ ಬರುತ್ತದೆ. ದಪ್ಪದ ಅಳತೆಯಲ್ಲಿ ಶೇ 1ರಷ್ಟು ತಪ್ಪಿದರೆ ಉತ್ತರದಲ್ಲಿ ಶೇ 3ರಷ್ಟು ತಪ್ಪು. ಹಾಗಾಗಿ ಸ್ಕ್ರೂ ಗೇಜ್ ಹಿಡಿದು ಅದೇ ಪಟ್ಟಿಯನ್ನು ನಾಲ್ಕಾರು ಕಡೆ ಅಳೆಯಬೇಕು. ಎಂಜಿನಿಯರಿಂಗ್ ಲ್ಯಾಬಿನಲ್ಲಿ ಉಕ್ಕಿನ ಸರಳನ್ನು ಯುಟಿಎಂ ಯಂತ್ರಕ್ಕೆ ಸಿಕ್ಕಿಸಿ ಎಳೆಯುತ್ತಾರೆ. ಸರಳು ಒಂದು ಹಂತದಲ್ಲಿ ಸೋಲುತ್ತದೆ, ನಡು ಸಣ್ಣದಾಗುತ್ತದೆ, ಸದ್ದಿನೊಂದಿಗೆ ತುಂಡಾಗುತ್ತದೆ. ಇಲ್ಲಿಯ ಪ್ರಶ್ನೆ ಬೇರೆ: ಎಷ್ಟು ಭಾರಕ್ಕೆ ಇದು ಸೋಲುತ್ತದೆ, ನಾವು ಅದಕ್ಕಿಂತ ಎಷ್ಟು ಕೆಳಗೆ ನಿಲ್ಲಬೇಕು? ಅದಕ್ಕೇ ಫ್ಯಾಕ್ಟರ್ ಆಫ್ ಸೇಫ್ಟಿ. ಅಳತೆಯ ಸಣ್ಣ ತಪ್ಪು ಹೇಗೆ ಮೂರು ಪಟ್ಟಾಗುತ್ತದೆಂದು ಕೈಯಾರೆ ಕಂಡವಳಿಗೆ ಆ ಫ್ಯಾಕ್ಟರ್ ಯಾಕಿದೆ ಎಂದು ವಿವರಿಸಬೇಕಾಗಿಲ್ಲ. ಮೂರು ವರ್ಷ ಕೊಟ್ಟದ್ದು ಈ ಅಭ್ಯಾಸವನ್ನು.

"ಎರಡೂ ಒಂದೇ ಸೈನ್ಸ್ ತಾನೆ, ಸುಲಭ" ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಡಯೋಡಿನ ಸಮೀಕರಣವನ್ನು ಮೊದಲಿನಿಂದ ಬಿಡಿಸಿ ತೋರಿಸಬಲ್ಲವಳು ಎಂಜಿನಿಯರಿಂಗ್ ಡ್ರಾಯಿಂಗಿನ ಡ್ರಾಫ್ಟರ್ ಮುಟ್ಟಿರುವುದಿಲ್ಲ. ವಾಲಿಸಿಟ್ಟ ಶಂಕುವಿನ ಪ್ರೊಜೆಕ್ಷನ್ ಬರೆಯಲು ಹೇಳಿದರೆ ಅವಳ ಹಾಳೆ ಖಾಲಿ ಉಳಿಯುತ್ತದೆ.

ನಿಜವಾದ ನಷ್ಟ ಆಗುವುದು ಇಲ್ಲಿಯೇ, ಅದನ್ನು ಮಾಡುವುದು ನಮ್ಮ ವ್ಯವಸ್ಥೆ. ಪಿಯುಸಿಯಲ್ಲಿ ಗಣಿತ ಓದಿದ ಬಿ.ಎಸ್ಸಿ. ಪದವೀಧರರು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಲು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮದಲ್ಲಿ ಅವಕಾಶವಿದೆ. ಆದರೆ ಡಿಪ್ಲೊಮಾದವರು ತುಂಬಿ ಉಳಿದ ಸೀಟು ಮಾತ್ರ ಇವರಿಗೆ ಎಂಬ ಷರತ್ತು ಅದರ ಕೈಪಿಡಿಗಳಲ್ಲಿ ವರ್ಷಾನುಗಟ್ಟಲೆ ಇತ್ತು. ಡಿಪ್ಲೊಮಾದವರಿಗೆ ಡಿಸಿಇಟಿ ಎಂಬ ಪ್ರತ್ಯೇಕ ಪರೀಕ್ಷೆಯಿದೆ. ಗಣಿತದಲ್ಲಿ ಅವರು ಹಿಂದೆ ಬೀಳಬಾರದೆಂದು ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ತನ್ನ 2018ರ ಸ್ಕೀಮಿನಲ್ಲಿ ಹೆಚ್ಚುವರಿ ಗಣಿತ ಪತ್ರಿಕೆಯನ್ನೂ ಇಟ್ಟಿತು. ಅದು ಸರಿಯಾದ ಕೆಲಸವೇ. ಬಿ.ಎಸ್ಸಿ.ಯವರಿಗೆ ಸಿಕ್ಕಿದ್ದು ಮಾತ್ರ, ಮೊದಲ ವರ್ಷದ ಡ್ರಾಯಿಂಗ್ ಮತ್ತು ಮೆಕ್ಯಾನಿಕ್ಸನ್ನು ಎರಡನೇ ವರ್ಷದ ಪಾಠಗಳ ಜೊತೆಗೇ ಪಾಸು ಮಾಡಿಕೊಳ್ಳಿ ಎಂಬ ನಿಯಮ. ಎರಡು ತರಗತಿಗಳ ವೇಳೆ ಒಂದೇ ಆದರೆ ಸ್ವಂತ ಓದೇ ಗತಿ. ಮೂರನೇ ಸೆಮಿಸ್ಟರಿನ ಫೂರಿಯೆ, ಲ್ಯಾಪ್ಲಾಸ್ ಗಣಿತ ಅವಳಿಗೆ ಪರಿಚಿತ. ಆದರೆ ಡ್ರಾಯಿಂಗ್ ಬಾಕಿ ಉಳಿದುಬಿಡುತ್ತದೆ. ಆಗ ಊರವರು "ನೋಡಿದ್ಯಾ, ನಾನು ಹೇಳಿರಲಿಲ್ವಾ" ಎನ್ನುತ್ತಾರೆ.

ಎಲ್ಲ ಬಿ.ಎಸ್ಸಿ.ಯವರೂ ಹೀಗೆ ಹೊರಳಬೇಕೆಂದು ನಾನು ಹೇಳುತ್ತಿಲ್ಲ. ಭೌತವಿಜ್ಞಾನವನ್ನು ಪ್ರೀತಿಸುವವರಿಗೆ ಎಂ.ಎಸ್ಸಿ. ಮಾಡಿ, ಗೇಟ್ ಬರೆದು, ಎಂ.ಟೆಕ್.ಗೆ ಹೋಗುವ ದಾರಿಯಿದೆ. ಆರ್ಯಭಟ ಉಪಗ್ರಹದ ತಂಡವನ್ನು ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರಲ್ಲಿ ಆ ಉಪಗ್ರಹವನ್ನು ಮೇಲಕ್ಕೆ ಕಳಿಸಿದ ಉಡುಪಿ ಕಡೆಯ ಯು.ಆರ್. ರಾವ್ ಭೌತವಿಜ್ಞಾನಿಯೇ. ಸಂಬಳದ ಆಸೆಯೊಂದಕ್ಕೇ ಹೊರಳುವವರು, ಯಾವ ಬ್ರಾಂಚಿನ ಯಾವ ಕೆಲಸ ತಮಗೆ ಬೇಕು ಎಂದು ಒಮ್ಮೆ ಗಟ್ಟಿಯಾಗಿ ಕೇಳಿಕೊಳ್ಳಲಿ. ಇನ್ನು ಪದವಿಯ ಎರಡನೇ, ಮೂರನೇ ವರ್ಷದಲ್ಲಿ ಇರುವವರು ದಯವಿಟ್ಟು ಅರ್ಧಕ್ಕೆ ಬಿಡಬೇಡಿ. ಬಿಟ್ಟರೆ ಮತ್ತೆ ಸಿಇಟಿ ಬರೆದು ಮೊದಲ ವರ್ಷದಿಂದಲೇ ಶುರು. ಮುಗಿಸಿದರೆ ನೇರ ಎರಡನೇ ವರ್ಷದ ಬಾಗಿಲಾದರೂ ಇದೆ.

ಆ ಬಾಗಿಲನ್ನು ಸರಿಯಾಗಿ ತೆರೆಯುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬಿ.ಎಸ್ಸಿ. ಪದವೀಧರರಿಗೆ ಕೆಲವು ಸೀಟುಗಳನ್ನು ಪ್ರತ್ಯೇಕವಾಗಿ ಇಡಿ. ಮೂರನೇ ಸೆಮಿಸ್ಟರ್ ಶುರುವಾಗುವ ಮೊದಲಿನ ರಜೆಯಲ್ಲಿ ಡ್ರಾಯಿಂಗ್ ಮತ್ತು ಮೆಕ್ಯಾನಿಕ್ಸ್ ತರಗತಿ ನಡೆಸಿ, ಅಲ್ಲೇ ಪರೀಕ್ಷೆಯನ್ನೂ ಮುಗಿಸಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ಅಧ್ಯಾಪಕರಿದ್ದಾರೆ, ಡ್ರಾಯಿಂಗ್ ಹಾಲ್‌ಗಳಿವೆ. ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಿದರೆ ಮುಂದಿನ ಜೂನ್‌ನಿಂದಲೇ ಈ ತರಗತಿ ಶುರುವಾಗಬಹುದು.