ಪತ್ರ ಮನೆಯಲ್ಲೇ ಇರಲಿ

ಮೇಜಿನ ಕಂಪ್ಯೂಟರಿನಲ್ಲಿ ಓದಿ ಮುಗಿಸಿದ ಇಮೇಲ್ ಸಂಜೆ ಲ್ಯಾಪ್‌ಟಾಪ್ ತೆರೆದರೆ ಮತ್ತೆ ದಪ್ಪಕ್ಷರದಲ್ಲಿ ಕೂತಿರುತ್ತದೆ. ಇದು ಪಾಪ್3 ಎಂಬ ಹಳೆಯ ಪ್ರೋಟೋಕಾಲ್ ಕೊಡುವ ಕಾಟ. ಪತ್ರವನ್ನು ಇಳಿಸಿಕೊಟ್ಟರೆ ಅದರ ಕೆಲಸ ಮುಗಿಯಿತು. ನೀವು ಯಾವುದನ್ನು ಓದಿದಿರಿ, ಯಾವುದಕ್ಕೆ ಉತ್ತರ ಬರೆದಿರಿ ಎಂಬುದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ.

1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್‌ನ ದಾರಿಯೇ ಬೇರೆ. ಪತ್ರಗಳು ಸರ್ವರಿನಲ್ಲೇ ಇರುತ್ತವೆ, ಅವುಗಳ ಗುರುತುಗಳೂ ಅಲ್ಲೇ ಇರುತ್ತವೆ. ಯಾವ ಕಂಪ್ಯೂಟರಿನಿಂದ ಹೋಗಿ ನೋಡಿದರೂ ಚಿತ್ರ ಒಂದೇ. ಆ ಸರ್ವರ್ ನಮ್ಮ ಮನೆಯಲ್ಲೇ ಇದ್ದರೆ ಅದರ ಸೊಗಸನ್ನು ಕಣ್ಣಾರೆ ಕಾಣಬಹುದು.

ನಾನು ಬಳಸುವುದು ಡವ್‌ಕಾಟ್. ಫಿನ್ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಹೊರತಂದ ಮುಕ್ತ ತಂತ್ರಾಂಶ ಇದು. ಪುಟ್ಟ ರಾಸ್ಪ್‌ಬೆರಿ ಪೈ ಮೇಲೂ ಸಲೀಸಾಗಿ ಓಡುತ್ತದೆ. ಪತ್ರಗಳನ್ನಿಡಲು ಮೇಲ್‌ಡಿರ್ ವಿಧಾನವನ್ನೇ ಆರಿಸಿಕೊಳ್ಳಿ. ಡೇನಿಯಲ್ ಬರ್ನ್‌ಸ್ಟೀನ್ ತಮ್ಮ ಕ್ಯೂಮೇಲ್‌ಗಾಗಿ ರೂಪಿಸಿದ ಈ ವಿಧಾನದಲ್ಲಿ ಪತ್ರಕ್ಕೊಂದು ಫೈಲ್. ಬಂದ ಪತ್ರ 'ನ್ಯೂ' ಫೋಲ್ಡರಿಗೆ ಬೀಳುತ್ತದೆ, ಅಂಚೆಪೆಟ್ಟಿಗೆ ತೆರೆದಾಗ 'ಕರ್' ಫೋಲ್ಡರಿಗೆ ಸರಿಯುತ್ತದೆ. ಓದಿದರೆ ಫೈಲಿನ ಹೆಸರಿನ ತುದಿಗೆ 'ಎಸ್' ಎಂಬ ಅಕ್ಷರ ಸೇರುತ್ತದೆ. ಉತ್ತರಿಸಿದರೆ 'ಆರ್' ಕೂಡ ಬರುತ್ತದೆ. ಬದಲಾಗುವುದು ಹೆಸರಷ್ಟೇ, ಪತ್ರದ ಒಳಗಿನ ಒಂದಕ್ಷರವೂ ಅಲುಗುವುದಿಲ್ಲ. ಎಲ್ಲ ಪತ್ರಗಳನ್ನೂ ಒಂದೇ ಉದ್ದನೆಯ ಫೈಲಿಗೆ ತುರುಕುವ ಎಂಬಾಕ್ಸ್ ನೋಡಿದವರಿಗೆ ಇದು ಎಷ್ಟು ಚೊಕ್ಕ ಏರ್ಪಾಡೆಂದು ತಿಳಿಯುತ್ತದೆ.

ಇನ್ನು ಪತ್ರ ಕಳಿಸುವ ಕೆಲಸ. ಅದನ್ನೂ ಮನೆಯಿಂದಲೇ ನೇರವಾಗಿ ಮಾಡಹೊರಡಬೇಡಿ. ಮನೆಯ ಸಂಪರ್ಕಗಳಲ್ಲಿ 25ನೇ ಪೋರ್ಟನ್ನು ಮುಚ್ಚಿರುವುದೇ ಹೆಚ್ಚು. ತೆರೆದಿದ್ದರೂ ಮನೆಯ ಐಪಿ ವಿಳಾಸದಿಂದ ಬಂದ ಪತ್ರವನ್ನು ದೊಡ್ಡ ಸರ್ವರುಗಳು ಅನುಮಾನದಿಂದಲೇ ನೋಡುತ್ತವೆ. ಈಗಿರುವ ಇಮೇಲ್ ವಿಳಾಸ ಹಾಗೆಯೇ ಇರಲಿ. ಅಲ್ಲಿಗೆ ಬಂದದ್ದನ್ನು ಫೆಚ್‌ಮೇಲ್ ಮೂಲಕ ಮನೆಗೆ ತರಿಸಿ, ಹೊರಹೋಗುವುದನ್ನು ಅದೇ ಸೇವೆಯ ಮೂಲಕ ಕಳಿಸಿ. ಮನೆಯಲ್ಲಿ ಕರೆಂಟು ಹೋದರೂ ಪತ್ರಗಳು ಅಲ್ಲೇ ಕಾದಿರುತ್ತವೆ.

ಒಂದು ಸೆಟ್ಟಿಂಗನ್ನು ಮಾತ್ರ ಪ್ರತಿ ಕಂಪ್ಯೂಟರಿನಲ್ಲೂ ನೋಡಲೇಬೇಕು. ಕಳಿಸಿದ ಪತ್ರದ ಪ್ರತಿಯನ್ನು ಸರ್ವರಿಗೆ ಸೇರಿಸುವುದು ಸಾಮಾನ್ಯವಾಗಿ ನೀವು ಬರೆಯುವ ಮೇಲ್ ಪ್ರೋಗ್ರಾಮಿನ ಹೊಣೆ. ಒಂದು ಪ್ರೋಗ್ರಾಮು ಅದನ್ನು 'ಸೆಂಟ್' ಫೋಲ್ಡರಿಗೆ ಹಾಕುತ್ತದೆ, ಮತ್ತೊಂದು 'ಸೆಂಟ್ ಐಟಮ್ಸ್' ಎಂದು ಬೇರೆಯದನ್ನೇ ಹುಟ್ಟಿಸುತ್ತದೆ. ಎಲ್ಲವಕ್ಕೂ ಒಂದೇ ಫೋಲ್ಡರ್ ತೋರಿಸಿಕೊಡಿ. ಊರಿನಿಂದ ಹೊರಗಿದ್ದಾಗ ಓದಲು ವಯರ್‌ಗಾರ್ಡ್‌ನಂಥ ವಿಪಿಎನ್ ಇರಲಿ, ಸರ್ವರನ್ನು ಇಂಟರ್‌ನೆಟ್ಟಿಗೆ ತೆರೆದಿಡುವ ಅಗತ್ಯವೇ ಬೀಳುವುದಿಲ್ಲ.

ಐಮ್ಯಾಪ್ ಇದೆಯೆಂದು ಬ್ಯಾಕಪ್ ಬಿಡಬೇಡಿ. ಲ್ಯಾಪ್‌ಟಾಪಿನಲ್ಲಿ ಅಳಿಸಿದ ಪತ್ರ ಉಳಿದೆಲ್ಲ ಕಂಪ್ಯೂಟರುಗಳಿಂದಲೂ ಮಾಯವಾಗುತ್ತದೆ. ದಿನಕ್ಕೊಮ್ಮೆ ಆ ಮೇಲ್‌ಡಿರ್ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಹಳೆಯ ನಕಲುಗಳನ್ನೂ ಕೆಲವು ವಾರ ಉಳಿಸಿಕೊಳ್ಳಿ.