ಶೋಕಕ್ಕೆ ಹೆಜ್ಜೆ ಹಾಕಿದರೆ ತಪ್ಪೇ?

ರಾಯಚೂರು ಸೀಮೆಯ ಮೊಹರಂ ಎರಡೂ ಕಡೆಯವರಿಂದ ಬೈಸಿಕೊಳ್ಳುವ ಹಬ್ಬ. ಇಮಾಂ ಹುಸೇನರು ಹುತಾತ್ಮರಾದ ದಿನಗಳಲ್ಲಿ ಹಲಗೆ, ಹುಲಿವೇಷ, ಕುಣಿತ ಯಾಕೆಂದು ಮುಸ್ಲಿಂ ಸುಧಾರಕರು ಕೇಳುತ್ತಾರೆ. ನಮ್ಮವರು ಕೈಗೆ ಲಾಡಿ ಕಟ್ಟಿಕೊಂಡು ಫಕೀರರಾಗುವುದೇಕೆಂದು ಹಿಂದೂ ಮಡಿವಂತರು ಕೇಳುತ್ತಾರೆ. ದೇವದುರ್ಗ, ಮಾನ್ವಿಯ ಹಳ್ಳಿಗರು ಇಬ್ಬರ ಮಾತಿಗೂ ತಲೆ ಕೆಡಿಸಿಕೊಂಡಿಲ್ಲ. ಗುದ್ದಲಿ ಹಾಕಿ ಬೆಂಕಿಗೆಂದು ಅಲಾಯಿ ಕುಣಿ ತೋಡುತ್ತಾರೆ, ಊದು ಹಾಕುತ್ತಾರೆ, ಸಕ್ಕರೆ ಓದಿಸುತ್ತಾರೆ.

ಸತ್ತವರ ನೆನಪಿಗೆ ಸಂಭ್ರಮ ಸಲ್ಲದೆಂಬ ವಾದ ಹೆಚ್ಚು ದೂರ ನಡೆಯದು. ಪ್ರಾಚೀನ ಈಜಿಪ್ಟಿನ ಥೀಬ್ಸ್‌ನಲ್ಲಿ ಕಣಿವೆಯ ಹಬ್ಬ ಬಂದರೆ ಆಮೂನ್ ದೇವರ ಮೂರ್ತಿ ನೈಲ್ ನದಿ ದಾಟಿ ಪಶ್ಚಿಮ ದಡಕ್ಕೆ ಹೋಗುತ್ತಿತ್ತು. ಜನ ಹಿರಿಯರ ಗೋರಿಗಳ ಬಳಿ ಹೂವಿಟ್ಟು, ಉಂಡು ಕುಡಿದು ರಾತ್ರಿ ಕಳೆಯುತ್ತಿದ್ದರು. ಅಷ್ಟು ದೂರ ಯಾಕೆ, ತುಂಗಭದ್ರೆಯ ಆಚೆ ದಡದ ಮಂತ್ರಾಲಯದಲ್ಲಿ 1671ರಲ್ಲಿ ವೃಂದಾವನಸ್ಥರಾದ ರಾಘವೇಂದ್ರ ರಾಯರ ಆರಾಧನೆಗೆ ರಥ ಎಳೆಯುತ್ತಾರಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಈ ಕುಣಿತದಲ್ಲಿ ಶೋಕ ಉಳಿದಿದೆಯೇ? ಉತ್ತರ ಕರ್ಬಲಾದ ಕತೆ ಹಾಡುವ ರಿವಾಯತ್ ಪದಗಳಲ್ಲಿದೆ. ಮುಂದಾಳು ಒಂದು ನುಡಿ ಎತ್ತಿದರೆ ಉಳಿದವರು ಹೆಜ್ಜೆ ಹಾಕುತ್ತ ಅದನ್ನೇ ಹಿಡಿದು ಎಳೆಯುತ್ತಾರೆ. ಕಾಲಿಗೆ ಲಯ, ಕೊರಳಿಗೆ ಅಳು. ಕ್ರಿ.ಶ. 680ರ ಕರ್ಬಲಾದಲ್ಲಿ ಯೂಫ್ರೆಟಿಸ್ ಹೊಳೆ ಕಣ್ಣೆದುರಿಗೇ ಹರಿಯುತ್ತಿದ್ದರೂ ಹುಸೇನರ ಬಿಡಾರಕ್ಕೆ ನೀರು ತಡೆದರು. ನೀರು ತರಲು ಹೋದ ತಮ್ಮ ಅಬ್ಬಾಸರು ತೋಳು ಕಡಿಸಿಕೊಂಡು ಬಿದ್ದರು. ಕೃಷ್ಣೆ, ತುಂಗಭದ್ರೆಯರ ನಡುವಿದ್ದೂ ಬರ ಕಂಡ ದೋಆಬಿನ ರೈತನಿಗೆ, ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇಟ್ಟುಕೊಂಡು ನೀರಿಗೆ ಕಾಯುವ ಮಾನ್ವಿಯವನಿಗೆ ಈ ಕತೆಗೆ ಟಿಪ್ಪಣಿ ಬೇಕಿಲ್ಲ. ಹಬ್ಬದಲ್ಲಿ ಪಾನಕ ಹಂಚುವುದೂ ಆ ಬಾಯಾರಿಕೆಯ ನೆನಪಿಗೇ. ಕೊನೆಯ ದಿನ ದೇವರೆಂದು ಕೂರಿಸಿದ ಲೋಹದ ಹಸ್ತಗಳಾದ ಪಂಜಾಗಳನ್ನು ದಫನ್‌ಗೆ ಒಯ್ದು ಮರಳುವಾಗ ಬೀಳ್ಕೊಡುಗೆಯ ಪದ ಕೇಳಿದವರು ಇದನ್ನು ಬರೀ ಮೋಜು ಎನ್ನಲಾರರು.

ಹಾಗೆಂದು ಎಲ್ಲವೂ ಸರಿಯಿದೆಯೆಂದಲ್ಲ. ಸೌಂಡ್ ಬಾಕ್ಸ್ ಬಂದ ಕಡೆ ಪದ ಹಿಂದೆ ಸರಿದಿದೆ. ಸಿನಿಮಾ ಹಾಡಿಗೆ ಹಾಕುವ ಹೆಜ್ಜೆಯಲ್ಲಿ ಕರ್ಬಲಾ ಇಲ್ಲ. ಕುಡಿದು ಬೆಂಕಿಯ ಕುಣಿಯ ಅಂಚಿಗೆ ಬರುವುದನ್ನು ಭಕ್ತಿಯ ಹೆಸರಲ್ಲಿ ಮನ್ನಿಸಲಾಗದು. ಇನ್ನೊಂದು ಮಾತು: ಹಲಗೆಯಿಲ್ಲದೆ ದೇವರು ಏಳುವುದಿಲ್ಲ, ಬಡಿಯುವವರು ಬಹಳ ಊರುಗಳಲ್ಲಿ ದಲಿತರೇ. ಪಂಜಾ ಹಿಡಿಯುವ ಸರದಿ ಅವರಿಗೆ ಎಷ್ಟು ಊರುಗಳಲ್ಲಿ ಬರುತ್ತದೆ? ಮುದಗಲ್ಲಿನ ಹೆಸರಾಂತ ಮೊಹರಂ ತೋರಿಸಿ ಭಾವೈಕ್ಯದ ಭಾಷಣ ಮಾಡುವವರು ಈ ಲೆಕ್ಕ ಕೇಳುವುದಿಲ್ಲ. ಎರಡು ಧರ್ಮ ಕೂಡಿದರೆ ಸಾಲದು, ಓಣಿಗಳೂ ಕೂಡಬೇಕು.

ಈ ಆಚರಣೆಯ ಸತ್ವ ಹಾಡುಗಾರರ ನಾಲಿಗೆಯ ಮೇಲಿದೆ, ಅವರಿಗೆ ವಯಸ್ಸಾಗುತ್ತಿದೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಪುಸ್ತಕ ದಾರಿ ಹಾಕಿಕೊಟ್ಟಿದೆ. ರಾಯಚೂರಿಗೆ ಈಗ ಸ್ವಂತ ವಿಶ್ವವಿದ್ಯಾಲಯವೂ ಇದೆ. ಊರೂರಿನ ರಿವಾಯತ್ ಪದಗಳನ್ನು ದನಿಮುದ್ರಿಸಿ ಹೊಸ ಹುಡುಗರಿಗೆ ಕಲಿಸುವುದು, ಹಬ್ಬ ಶುದ್ಧವೋ ಅಶುದ್ಧವೋ ಎಂದು ಜಗಳಾಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.