ಹಿತಕಿದ ಬೇಳೆ

ಚಳಿ ಬಿದ್ದು ಮಾಗಡಿ ಕಡೆಯ ಸೊಗಡವರೆ ಬೆಂಗಳೂರಿಗೆ ಬಂತೆಂದರೆ ಅವರೆಬೇಳೆ ಮೇಳದ ಒಲೆಗಳೂ ಹೊತ್ತಿಕೊಂಡವೆಂದೇ ಲೆಕ್ಕ. ವಿ.ವಿ. ಪುರದ ತಿಂಡಿ ಬೀದಿಯ ಈ ಮೇಳ ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೂ ಹೋಗಿದೆ. ದೋಸೆ, ಉಪ್ಪಿಟ್ಟು, ಸಾರು, ಕೊನೆಗೆ ಜಿಲೇಬಿಗೂ ಅವರೆಯೇ. (ಜಿಲೇಬಿ ನನಗೆ ಒಗ್ಗಲಿಲ್ಲ, ಬಿಡಿ.)

ನಾನು ಮೆಚ್ಚುವುದು ಒಲೆಗೂ ಮೊದಲಿನ ಕೆಲಸವನ್ನು. ನೆನೆದುಬ್ಬಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿತಕಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಜಿಗಿಯುತ್ತದೆ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒಂದೊಂದೇ ಕಾಳು, ಬುಟ್ಟಿಗಟ್ಟಲೆ! ಕೈ ನಡೆಯುತ್ತಲೇ ಇರುತ್ತದೆ, ಬಾಯಲ್ಲಿ ಮನೆಯ ಮಾತುಕತೆ. ಬೇಳೆ ಬೇಯಲು ಹೆಚ್ಚು ಹೊತ್ತು ಬೇಡ, ಕೊಂಚ ಮೈಮರೆತರೂ ಕರಗಿ ಸಾರೆಲ್ಲ ಗಸಿ. ಸೊಗಡಿನ ಕಾಲ ಕಳೆದರೆ ಮೇಳವೂ ಇಲ್ಲ. ಅದನ್ನು ವರ್ಷವಿಡೀ ನಡೆಸುವ ಆಸೆಗೆ ಬೀಳದಿರುವುದೇ ಮೇಳದವರ ಜಾಣತನ.